ಮೊಣಕಾಲು ನೋವಿನ ಊರು

ದೊಡ್ಡಾಸ್ಪತ್ರೆಗೆ ಒಮ್ಮೆ ಹೋಗಿ ಬರುವುದೆಂದರೆ ಸುಮ್ಮನೆ ಅಲ್ಲ. ಬಸ್ಸಿಗೆ ಎರಡು ಪ್ಯಾಂಟಿನ ಅಂಚು ಮಡಿಸಿ ಹೊಲಿದ ಕೂಲಿ ಹೋಗುತ್ತದೆ. ಅಲ್ಲಿನ ಚೀಟಿಗೆ ಒಂದು ಜಿಪ್ಪು ಬದಲಾಯಿಸಿದ್ದು. ಮಧ್ಯಾಹ್ನ ಹೊಟ್ಟೆಗೆ ಏನಾದರೂ ಬೀಳಬೇಕಲ್ಲ, ಅದಕ್ಕೊಂದು ಕಾಲರು. ಔಷಧಿ ಅಲ್ಲೇ ಕೊಟ್ಟರೆ ಪುಣ್ಯ, ಹೊರಗಿನ ಅಂಗಡಿಗೆ ಬರೆದರೆ ಒಂದು ಇಡೀ ಅಂಗಿ. ಇಷ್ಟರ ಮೇಲೆ ಆ ದಿನ ಮಿಷನ್ನಿನ ಮುಂದೆ ಕೂರದೆ ಕಳೆದುಕೊಂಡದ್ದು ಬೇರೆ. ನಾನು ಬಟ್ಟೆ ಹೊಲಿಯುವವಳು, ನನಗೆ ಲೆಕ್ಕ ಬರುವುದು ಹೀಗೆಯೇ. ಎಲ್ಲ ಸೇರಿಸಿದರೆ ವಾರದ ದುಡಿಮೆಯಲ್ಲಿ ಅರ್ಧವನ್ನು ದೊಡ್ಡಾಸ್ಪತ್ರೆಯ ಮೆಟ್ಟಿಲ ಮೇಲೆ ಇಟ್ಟು ಬಂದಂತೆ.

ನಮ್ಮ ಬೀದಿಯ ಕೊನೆಯಲ್ಲೇ ಆರೋಗ್ಯ ಕೇಂದ್ರವಿದೆ. ಅಲ್ಲಿ ಚೀಟಿಗೂ ದುಡ್ಡಿಲ್ಲ, ಔಷಧಿಗೂ ಇಲ್ಲ. ಡಾಕ್ಟರಮ್ಮ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಕೇಂದ್ರವನ್ನು ನಡೆಸುವ ದೊಡ್ಡ ಸಿಸ್ಟರು ನೆಲವನ್ನು ಮುಖ ಕಾಣುವಷ್ಟು ಒರೆಸಿಸುತ್ತಾರೆ. ಆದರೂ ಜನ ಅದರ ಮುಂದೆಯೇ ನಡೆದುಹೋಗಿ, ನಿಲ್ದಾಣದಲ್ಲಿ ನಿಂತು, ದೊಡ್ಡಾಸ್ಪತ್ರೆಯ ಬಸ್ಸು ಹತ್ತುತ್ತಿದ್ದರು. ಹಾಗೆ ಹತ್ತುತ್ತಿದ್ದವರಲ್ಲಿ ನಾನೂ ಒಬ್ಬಳು. ನನ್ನ ಗಂಡ ಅದೇ ಕೇಂದ್ರದಲ್ಲಿ ಚೀಟಿ ಬರೆಯುವ ಗುಮಾಸ್ತ ಎನ್ನುವುದನ್ನು ಇದರ ಜೊತೆಗೇ ಹೇಳಿಬಿಡಬೇಕು.

ಊರೆಲ್ಲ ಅವರನ್ನು ಮೈಕಣ್ಣ ಎನ್ನುತ್ತದೆ. ಹುಟ್ಟಿದಾಗ ಅತ್ತದ್ದು ಎರಡು ಬೀದಿಯಾಚೆ ಕೇಳಿಸಿತ್ತಂತೆ. ನಮ್ಮತ್ತೆ ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಮದುವೆಯಾದ ಹೊಸದರಲ್ಲಿ ಅವರು, "ಬಾ, ಒಂದು ಗುಟ್ಟು ಹೇಳ್ತೀನಿ" ಎಂದರೆ ನಾನು ಮೊದಲು ಎದ್ದು ಕಿಟಕಿ ಮುಚ್ಚುತ್ತಿದ್ದೆ. ಮನುಷ್ಯ ಮಾತ್ರ ಅಪ್ಪಟ ಚಿನ್ನ. ಒಬ್ಬರ ಕಾಸು ಮುಟ್ಟಿದವರಲ್ಲ, ಒಬ್ಬರನ್ನು ಗದರಿದವರಲ್ಲ. ಅವರ ದೋಷವೆಂದರೆ ಗಂಟಲು, ಮತ್ತು ನಿಯಮದ ಮೇಲಿನ ಭಕ್ತಿ.

ಆ ನಿಯಮ ಬಂದದ್ದಕ್ಕೂ ಕಾರಣವಿತ್ತು. ಎಷ್ಟೋ ವರ್ಷದ ಹಿಂದೆ ಒಂದೇ ಹೆಸರಿನ ಇಬ್ಬರು ಒಂದೇ ದಿನ ಬಂದು ಔಷಧಿ ಅದಲುಬದಲಾಗಿ, ಕಣ್ಣಿಗೆ ಬಿಡಬೇಕಾದ ಹನಿಯನ್ನು ಕೆಮ್ಮಿನವನು ಕುಡಿದುಬಿಟ್ಟಿದ್ದ. ಬದುಕಿಕೊಂಡ, ಆದರೆ ಗಲಾಟೆಯಾಯಿತು. ಆಮೇಲೆ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಚೀಟಿಯ ಮೇಜಿನಲ್ಲೇ ತೊಂದರೆ ಏನೆಂದು ಕೇಳಬೇಕು, ಬರೆದುಕೊಳ್ಳಬೇಕು, ಬರೆದದ್ದನ್ನು ರೋಗಿಗೆ ಕೇಳಿಸುವಂತೆ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಬೇರೆ ಊರುಗಳಲ್ಲಿ ಗುಮಾಸ್ತರು ಬಾಯೊಳಗೇ ಏನೋ ಮಣಮಣ ಎಂದು ಮುಗಿಸಿರಬಹುದು. ನಮ್ಮಲ್ಲಿ ಇದ್ದವರು ಮೈಕಣ್ಣ.

"ಏನು ತೊಂದ್ರೆ?" ಎಂದು ಕೇಳುತ್ತಿದ್ದರು. ಎದುರಿನವರು ಗೊಣಗುತ್ತಿದ್ದರು. ಇವರು ಬರೆದುಕೊಂಡು ತಲೆಯೆತ್ತಿ, "ಭೇದಿ. ಮೂರು ದಿನದಿಂದ. ನೀರು ನೀರಾಗಿ. ಸರಿನಾ?" ಎಂದು ಓದುತ್ತಿದ್ದರು. ಹಜಾರದಲ್ಲಿದ್ದವರಿಗೆ ಮಾತ್ರವಲ್ಲ, ಎದುರಿನ ಬೇಕರಿಯಲ್ಲಿ ಬ್ರೆಡ್ಡು ಕೊಳ್ಳುತ್ತಿದ್ದವರಿಗೂ ಮೂರು ದಿನದ ವಿಚಾರ ತಿಳಿಯುತ್ತಿತ್ತು.

ಜನ ಕಡಿಮೆಯಾದರು. ಮೇಲಿನವರು ಯೋಚಿಸಿ, ಸಿಬ್ಬಂದಿಯ ನಡತೆ ಸರಿಯಿಲ್ಲ, ಅದಕ್ಕೇ ಜನ ಬರುವುದಿಲ್ಲ ಎಂದು ತೀರ್ಮಾನಿಸಿದರು. ಸನ್ನಡತೆಯ ತರಬೇತಿ ಎಂದು ಒಬ್ಬ ಟೈ ಕಟ್ಟಿದ ಮಹಾಶಯನನ್ನು ಕಳಿಸಿದರು. ಆತ ಕಲಿಸಿದ್ದು ಇಷ್ಟು: ನಕ್ಕು ಮಾತಾಡಿಸಿ, ಹೆಸರು ಹಿಡಿದು ಕರೆಯಿರಿ, ಅವರ ತೊಂದರೆ ನೆನಪಿಟ್ಟುಕೊಳ್ಳಿ, ಮತ್ತೆ ಎಲ್ಲಾದರೂ ಸಿಕ್ಕಾಗ ಕಾಳಜಿಯಿಂದ ವಿಚಾರಿಸಿ. ಇದರಲ್ಲಿ ನನ್ನ ಗಂಡ ಎಲ್ಲರಿಗಿಂತ ಮುಂದೆ. ಪ್ರಮಾಣಪತ್ರ ಸಿಕ್ಕಿತು, ಅದಕ್ಕೆ ಚೌಕಟ್ಟು ಹಾಕಿಸಿ ಮೇಜಿನ ಹಿಂದೆ ನೇತುಹಾಕಿದರು.

ಆ ತನಕ ಕೇಂದ್ರದ ಒಳಗೆ ಮಾತ್ರ ಇದ್ದದ್ದು ಅವತ್ತಿನಿಂದ ಬೀದಿಗೆ ಬಂತು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು, ಮುಖದ ತುಂಬ ನಗು ತುಂಬಿಕೊಂಡು, "ಮೇಷ್ಟ್ರೇ, ಭೇದಿ ನಿಂತಿತಾ?" ಎಂದರು. ಮಕ್ಕಳು ಆ ಮೇಷ್ಟ್ರಿಗೆ ಇಟ್ಟ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಡಗಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ರಸ್ತೆಯಿಂದಲೇ, "ಏನಪ್ಪಾ, ತುರಿಕೆ ಈಗ ಹೇಗಿದೆ?" ಎಂದು ಬಡಗಿಯನ್ನು ಕೇಳಿದರು. ನಿಜವಾದ ಕಾಳಜಿ, ಮೋಸವಿಲ್ಲ. ಆ ಸಂಬಂಧ ಹೇಗೋ ಕುದುರಿತು, ಆದರೆ ಬಡಗಿ ಒಂದು ತಿಂಗಳು ನಮ್ಮ ಮನೆಯ ಮುಂದೆ ಹಾಯಲಿಲ್ಲ.

ಬೆಂಚು ಇನ್ನಷ್ಟು ಖಾಲಿಯಾಯಿತು. ಆಗ ಬಂತು ಇಲಾಖೆಯ ಕೊನೆಯ ಎಚ್ಚರಿಕೆಯ ಪತ್ರ. ವರ್ಷದ ಕೊನೆಯೊಳಗೆ ಬರುವವರ ಸಂಖ್ಯೆ ಹೆಚ್ಚದಿದ್ದರೆ ಕೇಂದ್ರ ಮುಚ್ಚಿ ಎಲ್ಲವನ್ನೂ ದೊಡ್ಡಾಸ್ಪತ್ರೆಗೆ ಸೇರಿಸುತ್ತೇವೆ. ದೊಡ್ಡ ಸಿಸ್ಟರು ಎಲ್ಲಿಗೋ, ನನ್ನ ಗಂಡ ದೂರದೂರಿನ ಔಷಧಿ ಗೋದಾಮಿಗೆ. ಗೋದಾಮಿನಲ್ಲಿ ಮಾತಾಡಿಸಲು ಇಲಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ನಮ್ಮತ್ತೆಯಂಥವರು, ಬಸ್ಸಿನ ಮೆಟ್ಟಿಲು ಹತ್ತಲಾಗದವರು, ಕಾಯಿಲೆ ಬಿದ್ದರೆ ಮನೆಯಲ್ಲೇ ಬಿದ್ದಿರಬೇಕು.

"ಜನಕ್ಕೆ ಏನು ಬೇಕು ಅಂತಾನೇ ಅರ್ಥ ಆಗಲ್ಲ" ಎಂದು ಊಟಕ್ಕೆ ಕೂತಾಗ ಗಂಡ ಹೇಳಿದರು. "ಇಷ್ಟು ಪ್ರೀತಿಯಿಂದ ಮಾತಾಡಿಸ್ತೀನಿ."

ಅತ್ತೆ ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿದೆ.

ನಿಜ ಹೇಳಬೇಕೆಂದರೆ ಊರಿಗೆಲ್ಲ ಕಾರಣ ಗೊತ್ತಿತ್ತು. ಆದರೆ ಹೇಳುವವರು ಯಾರು? ಮೈಕಣ್ಣನಿಂದ ಒಂದಲ್ಲ ಒಂದು ಉಪಕಾರ ಪಡೆಯದವರು ನಮ್ಮ ಬೀದಿಯಲ್ಲಿಲ್ಲ. ಮಗು ಹುಟ್ಟುವ ಹೊತ್ತಿಗೆ ಗಾಡಿ ತರಿಸಿದವರು ಅವರು, ಹೆಣ ಹೊರುವಾಗ ಮೊದಲು ಹೆಗಲು ಕೊಡುವವರು ಅವರು. ಅಂಥವರ ಮುಖಕ್ಕೆ, ನಿನ್ನ ಬಾಯಿಗೆ ಹೆದರಿ ಓಡಿಹೋಗುತ್ತೇವೆ ಎಂದು ಹೇಳಲು ಯಾರಿಗೂ ನಾಲಿಗೆ ಹೊರಳಲಿಲ್ಲ.

ಇದರ ನಡುವೆ ಇಲಾಖೆ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿಯನ್ನು ಕಳಿಸಿತು. ಜನ ಯಾವ ಆಸ್ಪತ್ರೆಗೆ ಹೋಗುತ್ತಾರೆ, ಯಾಕೆ ಹೋಗುತ್ತಾರೆ, ಯಾಕೆ ಹೋಗುವುದಿಲ್ಲ ಎಂದು ಸಂಶೋಧನೆ ಮಾಡಿ ವರದಿ ಕೊಡುವುದು ಅವಳ ಕೆಲಸ. ವರದಿ ನೋಡಿಕೊಂಡು ಕೇಂದ್ರದ ಹಣೆಬರಹ ಬರೆಯುವುದು ಆಫೀಸರ ಕೆಲಸ. ಹುಡುಗಿ ನಮ್ಮ ಮನೆಯ ಮಹಡಿಯ ಕೋಣೆಯಲ್ಲೇ ಬಾಡಿಗೆಗೆ ಇಳಿದಳು. ಸಣ್ಣ ಜೀವ, ದೊಡ್ಡ ಕನ್ನಡಕ, ಹಗಲೆಲ್ಲ ಪ್ರಶ್ನೆ, ಸಂಜೆಯೆಲ್ಲ ಕಂಪ್ಯೂಟರು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ಅತ್ತೆಯನ್ನು ಅಜ್ಜೀ ಎನ್ನುತ್ತಿದ್ದಳು. ಬಂದ ವಾರದಲ್ಲೇ ಅವಳ ಸಡಿಲ ಕುಪ್ಪಸಗಳನ್ನೆಲ್ಲ ನಾನು ಒಳಗೆ ಹಿಡಿದುಕೊಟ್ಟೆ.

ಅವಳು ಕೇಂದ್ರದ ಹಜಾರದಲ್ಲೇ ಮೇಜು ಹಾಕಿಕೊಂಡು ಜನರನ್ನು ಕೇಳಿದಳು. ಓದಲು ಬಾರದವರಿಗೆ, ಕಿವಿ ಮಂದವಾದವರಿಗೆ ಪ್ರಶ್ನೆಗಳನ್ನು ಓದಿ ಹೇಳುವ ಸಹಾಯಕ್ಕೆ ನಿಂತವರು ಯಾರೆಂದು ಹೇಳಬೇಕಾಗಿಲ್ಲ.

"ನೀವು ಈ ಕೇಂದ್ರಕ್ಕೆ ಯಾಕೆ ಬರುವುದಿಲ್ಲ?" ಎಂದು ಮೈಕಣ್ಣ ಬೀದಿಗೆಲ್ಲ ಕೇಳಿಸುವಂತೆ ಓದುತ್ತಿದ್ದರು.

"ದೂರ ಆಗುತ್ತಪ್ಪಾ" ಎಂದು ಎದುರು ಮನೆಯ ಮುದುಕ ಹೇಳುತ್ತಿದ್ದ.

ಒಂದು ಸಂಜೆ ಅವಳು ತಲೆ ಕೆರೆದುಕೊಳ್ಳುತ್ತಾ ನನ್ನ ಮಿಷನ್ನಿನ ಪಕ್ಕ ಬಂದು ಕೂತಳು.

"ಅಕ್ಕಾ, ನಿಮ್ಮೂರ ಜನಕ್ಕೆ ಲೆಕ್ಕ ಬರಲ್ವಾ? ಎದುರು ಮನೆಯವರಿಗೆ ಇದು ದೂರ ಅಂತೆ. ಒಂದು ಗಂಟೆ ಬಸ್ಸಲ್ಲಿ ಹೋಗೋದು ಹತ್ರ ಅಂತೆ."

"ಬಸ್ಸಲ್ಲಿ ಕೂತು ಹೋಗ್ತಾರಲ್ಲ, ಕಾಲು ಸವೆಯಲ್ಲ" ಎಂದೆ.

"ಅದೂ ಸರಿ. ಕಾಲು ಅಂದ್ರಿ ನೋಡಿ, ಇನ್ನೊಂದು ವಿಚಿತ್ರ. ಇಲ್ಲಿಗೆ ಬರೋ ನಾಕು ಜನರಲ್ಲೂ ಮುಕ್ಕಾಲು ಪಾಲು ಮೊಣಕಾಲು ನೋವು. ಹದಿನೆಂಟರ ಹುಡುಗನಿಗೂ ಮೊಣಕಾಲು ನೋವು. ಈಜು ಕಲಿಸೋನಿಗೂ ಮೊಣಕಾಲು ನೋವು. ನಮ್ಮ ಪ್ರೊಫೆಸರು ನೀರು ಪರೀಕ್ಷೆ ಮಾಡಿಸು ಅಂತಿದ್ದಾರೆ."

ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಇಲ್ಲದಿದ್ದರೆ ಅಲ್ಲೇ ನಕ್ಕುಬಿಡುತ್ತಿದ್ದೆ. ಮೊಣಕಾಲು ನೋವು ಮರ್ಯಾದಸ್ಥ ಕಾಯಿಲೆ. ದುಡಿದವರಿಗೆ ಬರುತ್ತದೆ, ಯಾರಿಗೂ ಅಂಟುವುದಿಲ್ಲ, ಯಾರೂ ನಗುವುದಿಲ್ಲ, ಹೆಣ್ಣು ಕೊಡುವವರೂ ಹಿಂದೆಗೆಯುವುದಿಲ್ಲ. ಎಷ್ಟು ಜೋರಾಗಿ ಓದಿದರೂ ನಷ್ಟವಿಲ್ಲ. ಹಾಗಾಗಿ ಬೇರೇನಾದರೂ ಇದ್ದು ಬಸ್ಸಿಗೆ ಗತಿಯಿಲ್ಲದವರು ಮೇಜಿನ ಮುಂದೆ ಮೊಣಕಾಲು ಎಂದುಬಿಡುತ್ತಿದ್ದರು. ಒಳಗೆ ಡಾಕ್ಟರಮ್ಮನಿಗೆ ನಿಜ ಹೇಳೋಣವೆಂದು ಬಂದವರು, ಚೀಟಿಯಲ್ಲಿ ಮೊಣಕಾಲು ಎಂದಿರುವುದನ್ನು ಅವರು ಒತ್ತಿ ನೋಡಲು ಶುರುಮಾಡಿದ ಮೇಲೆ ಮಾತು ಬದಲಿಸಲಾಗದೆ ಎದ್ದು ಬರುತ್ತಿದ್ದರು. ಇಲಾಖೆಯಿಂದ ಮೊಣಕಾಲಿನ ಮುಲಾಮು ಪೆಟ್ಟಿಗೆ ಪೆಟ್ಟಿಗೆ ಬರುತ್ತಿತ್ತು. ಬಡಗಿ ಅದನ್ನು ಬಾಗಿಲ ತಿರುಗಣಿಗೆ ಹಚ್ಚಿ ನೋಡಿದ್ದಾನೆ, ಕಿರ್ರೆನ್ನುವುದು ನಿಂತಿತಂತೆ.

ಆ ದಿನಗಳಲ್ಲೇ ನನಗೂ ಶುರುವಾಯಿತು. ಮೂತ್ರಕ್ಕೆ ಹೋದರೆ ಬೆಂಕಿ. ದಿನವಿಡೀ ಕೂತು ಹೊಲಿಯುವುದು, ನೀರು ಕುಡಿಯದಿರುವುದು, ಎಲ್ಲ ಸೇರಿ ಬಂದದ್ದು. ಗಂಡನಿಗೆ ಹೇಳಬಹುದಿತ್ತು. ಹೇಳಿದರೆ, "ಬಾ, ಚೀಟಿ ಬರೀತೀನಿ" ಎನ್ನುತ್ತಿದ್ದರು. ಬರೆದದ್ದನ್ನು ಓದಿಯೂ ಓದುತ್ತಿದ್ದರು. ಹೆಂಡತಿಗೊಂದು ನಿಯಮ, ಊರಿಗೊಂದು ನಿಯಮ ಮಾಡುವ ಪೈಕಿ ಅಲ್ಲ ಅವರು. ಹಾಗಾಗಿ ಸೋಮವಾರ ಬೆಳಿಗ್ಗೆ, ತಂಗಿ ಮನೆಗೆ ಹೋಗಿ ಬರುತ್ತೇನೆ ಎಂದು ಹೊರಟೆ.

ಆ ಬಸ್ಸಿನಲ್ಲಿ ಒಂದು ರೂಢಿ ಉಂಟು. ಎಲ್ಲಿಗೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ತಂಗಿ ಮನೆಗೆ. ನಮ್ಮೂರಿನ ಪ್ರತಿಯೊಬ್ಬರಿಗೂ ಆ ಪಟ್ಟಣದಲ್ಲಿ ಒಬ್ಬ ತಂಗಿ ಇದ್ದಾಳೆ. ಹಿಂದಿನ ಸೀಟಿನಲ್ಲಿ ಬಡಗಿ ಮುಖಕ್ಕೆ ಪೇಪರು ಅಡ್ಡ ಹಿಡಿದು ಕೂತಿದ್ದ. ಪೇಪರು ನಿನ್ನೆಯದು. ಮೇಷ್ಟ್ರು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡುತ್ತಿದ್ದರು, ಆಚೆ ಇದ್ದದ್ದು ಬರಿಯ ಗೋಡೆ. ಬಸ್ಸು ಹೊರಡುವ ಹೊತ್ತಿಗೆ ಓಡಿ ಬಂದು ಹತ್ತಿದವಳು ನಮ್ಮ ಮಹಡಿಯ ಹುಡುಗಿ.

"ಅಕ್ಕಾ, ನೀವು ಎಲ್ಲಿಗೆ?" ಎಂದಳು. ಅವಳಿಗೆ ರೂಢಿ ಗೊತ್ತಿರಲಿಲ್ಲ.

"ತಂಗಿ ಮನೆಗೆ. ನೀನು?"

"ಲೈಬ್ರರಿಗೆ."

"ಬಾ, ಕೂತ್ಕೋ. ಜಾಗ ಇದೆ."

"ಬೇಡ ಅಕ್ಕಾ. ನಿಂತ್ರೆ ಗಾಳಿ ಚೆನ್ನಾಗಿ ಬರುತ್ತೆ."

ಅರ್ಧ ಬಸ್ಸು ಖಾಲಿ. ಹುಡುಗಿ ಕಂಬ ಹಿಡಿದು ನಿಂತೇ ಇದ್ದಳು. ರಸ್ತೆಯಲ್ಲಿ ಒಂದೊಂದು ಗುಂಡಿ ಬಂದಾಗಲೂ ಅವಳ ಮುಖ ಹಿಂಡಿದ ಬಟ್ಟೆಯಂತಾಗುತ್ತಿತ್ತು. ನನಗೆ ಅರ್ಥವಾಯಿತು.

ದೊಡ್ಡಾಸ್ಪತ್ರೆಯ ನಿಲ್ದಾಣದಲ್ಲಿ ಬಸ್ಸಿಗೆ ಬಸ್ಸೇ ಇಳಿಯಿತು. ಬಡಗಿ ಒಂದು ಕಡೆ, ಮೇಷ್ಟ್ರು ಒಂದು ಕಡೆ, ಯಾರೂ ಯಾರನ್ನೂ ನೋಡದೆ ಚದುರಿಹೋದರು. ನಾನು ಬೇಕೆಂದೇ ಒಂದು ಸುತ್ತು ಹಾಕಿ, ಹಿಂದಿನ ಗೇಟಿನಿಂದ ಒಳಗೆ ಹೋಗಿ ಹೆಂಗಸರ ಸಾಲಿನಲ್ಲಿ ನಿಂತೆ. ಮುಂದಿದ್ದವಳು ತಿರುಗಿದಳು. ದೊಡ್ಡ ಕನ್ನಡಕ.

"ಲೈಬ್ರರಿ ಇಲ್ಲಿಗೆ ಬಂತೇನಮ್ಮಾ?" ಎಂದೆ.

"ನಿಮ್ಮ ತಂಗಿ ಇಲ್ಲೇ ಇರೋದಾ ಅಕ್ಕಾ?" ಎಂದಳು.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳಿಗಂತೂ ನಕ್ಕರೆ ನೋವು, ಆದರೂ ನಗುತ್ತಿದ್ದಳು. ಕೂರುವ ಜಾಗದಲ್ಲೇ ಒಂದು ಕುರು ಎದ್ದಿತ್ತಂತೆ. ಶನಿವಾರ ಕೇಂದ್ರದಲ್ಲೇ ತೋರಿಸೋಣವೆಂದು ಮೇಜಿನ ಹತ್ತಿರದ ತನಕ ಹೋಗಿದ್ದಳಂತೆ.

"ಅಣ್ಣ ತಲೆ ಎತ್ತಿ ನಕ್ಕು, ಏನು ತೊಂದ್ರೆ ತಂಗೀ ಅಂದ್ರು ಅಕ್ಕಾ. ಹಿಂದೆ ನಾಕೈದು ಜನ. ನನ್ನ ಬಾಯಿಂದ ಏನು ಬಂತು ಗೊತ್ತಾ?"

"ಮೊಣಕಾಲು ನೋವು" ಎಂದೆ.

ಅವಳ ನಗು ಗಕ್ಕನೆ ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡಳು. ಸಾಲು ಮುಂದೆ ಸರಿದರೂ ಅವಳು ಸರಿಯಲಿಲ್ಲ.

"ಅಯ್ಯೋ ಅಕ್ಕಾ" ಎಂದಳು ನಿಧಾನವಾಗಿ. "ನಾನು ಇಷ್ಟು ದಿನ ಬರೆದಿದ್ದೆಲ್ಲ ಸುಳ್ಳು. ಎಲ್ಲಾ ನನ್ನ ಥರಾನೇ ಹೇಳಿದ್ದಾರೆ. ಅದೇ ಹಜಾರದಲ್ಲಿ, ಅವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು, ಯಾಕೆ ಬರಲ್ಲ ಅಂತ ಕೇಳಿದೀನಿ. ಈ ವರದಿ ಹೋದ್ರೆ ಕೇಂದ್ರ ಮುಚ್ಚೇ ಮುಚ್ತಾರೆ."

"ಹೊಸದಾಗಿ ಬರಿ."

"ಬರೀತೀನಿ. ಮನೆ ಮನೆಗೆ ಹೋಗಿ, ಒಬ್ಬೊಬ್ಬರನ್ನೇ ಕೇಳ್ತೀನಿ. ಆದ್ರೆ ಆಫೀಸರು ಬರೋಕೆ ಎರಡೇ ವಾರ ಇದೆ. ಅದಕ್ಕಿಂತ ಮೊದಲು ಅಣ್ಣನಿಗೆ ಗೊತ್ತಾಗಬೇಕಲ್ಲ. ಯಾರು ಹೇಳೋದು?"

"ನಾನು ಹೇಳ್ತೀನಿ" ಎಂದೆ. "ಊರಿಗೆ ಮೈಕು, ನನಗೆ ಗಂಡ ತಾನೆ."

ಹೇಳುತ್ತೇನೆ ಎನ್ನುವುದು ಸುಲಭ. ವಾರವಿಡೀ ನಾಲಿಗೆಯ ತುದಿಗೆ ತಂದು ನುಂಗಿದೆ. ಭಾನುವಾರ ಅವರಿಗೆ ಕೆಲಸದ ಹೊಸ ಅಂಗಿ ಹೊಲಿಯಲು ಅಳತೆ ತೆಗೆಯುತ್ತಿದ್ದೆ. ಟೇಪು ಕೊರಳಿಗೆ ಬಿದ್ದಾಗ ಎಂಥ ಗಂಡಸೂ ಅಲುಗಾಡುವುದಿಲ್ಲ. ಇದೇ ಹೊತ್ತು ಎಂದುಕೊಂಡೆ.

"ರೀ, ನಾನು ಸೋಮವಾರ ತಂಗಿ ಮನೆಗೆ ಹೋಗಿರಲಿಲ್ಲ."

"ಮತ್ತೆ?"

"ದೊಡ್ಡಾಸ್ಪತ್ರೆಗೆ."

ಅವರ ಕೊರಳಿನ ನರ ಟೇಪಿನ ಕೆಳಗೆ ಹೊಡೆದುಕೊಂಡಿತು. "ಏನಾಗಿದೆ ನಿಂಗೆ?" ಎಂದರು. ಅಷ್ಟು ಸಣ್ಣ ದನಿ ಅವರಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಹೇಳಿದೆ. ಔಷಧಿ ಕೊಟ್ಟಿದ್ದಾರೆ, ವಾಸಿಯಾಗುತ್ತಿದೆ ಎಂದೂ ಹೇಳಿದೆ. ಆಮೇಲೆ ಬಸ್ಸಿನ ಕಥೆ, ಬಡಗಿಯ ಪೇಪರು, ಮೇಷ್ಟ್ರ ಗೋಡೆ, ಮಹಡಿಯ ಹುಡುಗಿ ನಿಂತೇ ಬಂದದ್ದು, ಎಲ್ಲ ಹೇಳಿದೆ. ಅವರು ಗೋಡೆ ನೋಡುತ್ತಾ ಕೇಳಿದರು.

"ಅಂದ್ರೆ ಜನ ಓಡಿಹೋಗಿದ್ದು ನನ್ನ ಬಾಯಿಂದ."

"ನಿಯಮದಿಂದ. ನಿಮ್ಮ ಬಾಯಿ ಅದಕ್ಕೆ ರೆಕ್ಕೆ ಕಟ್ಟಿತು, ಅಷ್ಟೆ."

"ನೀನೂ ಹೇಳಲಿಲ್ಲ."

ಉತ್ತರ ಬಾಗಿಲ ಕಡೆಯಿಂದ ಬಂತು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು.

"ನಂದು ಮೊಣಕಾಲಲ್ಲ ಕಣೋ."

"ಏನಮ್ಮಾ?"

"ಮೂಲವ್ಯಾಧಿ. ಎರಡು ವರ್ಷ ಆಯ್ತು."

"ಮತ್ತೆ ನಾನು ತಂದುಕೊಟ್ಟ ಆ ಮುಲಾಮೆಲ್ಲ?"

"ಮೊಣಕಾಲಿಗೇ ಹಚ್ಕೊಂಡೆ. ಮಗ ತಂದಿದ್ದು, ಹಾಳು ಮಾಡಬಾರದು ಅಂತ. ಮೊಣಕಾಲು ಕನ್ನಡಿ ಥರ ಹೊಳೀತಿದೆ."

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಟೇಪನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಆ ದಿನ ಮತ್ತು ಮರುದಿನ ನಮ್ಮ ಮನೆಯಲ್ಲಿ ಎಂಥ ಮೌನವೆಂದರೆ ಪಕ್ಕದ ಮನೆಯಾಕೆ ಯಾರಿಗಾದರೂ ಹುಷಾರಿಲ್ಲವೇ ಎಂದು ಬಂದು ನೋಡಿದಳು. ನಾನು ಹೆದರಿದೆ. ಇಷ್ಟು ವರ್ಷ ಒಳ್ಳೆಯತನವೆಂದು ತಿಳಿದು ಮಾಡಿದ್ದು ಊರಿಗೆ ಹಿಂಸೆಯಾಗಿತ್ತು ಎಂದು ಗೊತ್ತಾದರೆ ಒಬ್ಬ ಮನುಷ್ಯ ಮುರಿದುಹೋಗಲೂಬಹುದು.

ಮಂಗಳವಾರ ಬೆಳಿಗ್ಗೆ ಎದ್ದು, ಪ್ರಮಾಣಪತ್ರದ ಚೌಕಟ್ಟು ಇಳಿಸಿ ತರುತ್ತೇನೆ ಎಂದು ಹೋದರು. ಚೌಕಟ್ಟಿನೊಂದಿಗೆ ದೊಡ್ಡ ಸಿಸ್ಟರ ಕೋಣೆಗೂ ಹೋದರಂತೆ. ಸಿಸ್ಟರು ಆಮೇಲೆ ನನಗೆ ಹೇಳಿದರು: "ಬಂದು ಕೂತು, 'ಸಿಸ್ಟರೇ, ಜನಕ್ಕೆ ನನ್ನ ಮುಂದೆ ಏನೂ ಹೇಳಬೇಕಾಗದ ಹಾಗೆ ಮಾಡಿ' ಅಂದ್ರು. ನಾನು ಇವರಿಗೆ ಜ್ವರ ಬಂದಿದೆ ಅಂದುಕೊಂಡೆ."

ಸಿಸ್ಟರು ಗಟ್ಟಿಗಿತ್ತಿ. ಅವರಿಗೂ ವಿಷಯ ಗೊತ್ತಿತ್ತು, ನಿಯಮ ಮೇಲಿನವರದ್ದು ಎಂದು ಕೈಕಟ್ಟಿ ಕೂತಿದ್ದರು. ಈಗ ಓದಿ ಹೇಳುವ ಗುಮಾಸ್ತರೇ ಆ ನಿಯಮ ಬೇಡ ಎಂದಮೇಲೆ ಅವರಿಗೆ ಬಲ ಬಂತು. ಸಿಸ್ಟರು, ಡಾಕ್ಟರಮ್ಮ, ನನ್ನ ಗಂಡ ಮೂವರೂ ಕೂತು ದಾರಿ ಹುಡುಕಿದರು. ಮೇಜಿನಲ್ಲಿ ಹೆಸರು, ವಯಸ್ಸು ಮಾತ್ರ. ಕೈಗೆ ಒಂದು ನಂಬರಿನ ಬಿಲ್ಲೆ. ತೊಂದರೆ ಹೇಳುವುದು ಡಾಕ್ಟರಮ್ಮನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಬರೆದದ್ದನ್ನು ಓದಿ ಹೇಳಿ ಒಪ್ಪಿಗೆ ಪಡೆಯುವುದೂ ಅಲ್ಲೇ, ಡಾಕ್ಟರಮ್ಮನೇ. ಹೆಸರು ಹೆಸರು ಅದಲುಬದಲಾಗದಂತೆ ಬಿಲ್ಲೆಯ ನಂಬರನ್ನು ಔಷಧಿ ಪೊಟ್ಟಣದ ಮೇಲೂ ಬರೆಯುವುದು. ಈ ಕೊನೆಯದು ನನ್ನ ಗಂಡನ ಬುದ್ಧಿ. ಕಣ್ಣಿನ ಹನಿ ಕುಡಿದವನನ್ನು ಅವರು ಮರೆತಿರಲಿಲ್ಲ.

ಬಿಲ್ಲೆ ಮಾಡಿಕೊಡಲು ಬಡಗಿಯ ಹತ್ತಿರ ಅವರೇ ಹೋದರು. ಬಾಗಿಲಲ್ಲಿ ನಿಂತು, ಬಾಯಿ ತೆರೆದು, ಮುಚ್ಚಿ, ಕೊನೆಗೆ, "ಮಗಳು ಚೆನ್ನಾಗಿದಾಳಾ?" ಎಂದರಂತೆ. ಬಡಗಿ ಅವರನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಕರೆದು ಕೂರಿಸಿದ. ಒಳ್ಳೆಯ ಮರದ ಬಿಲ್ಲೆಗಳು, ಅಂಚು ಉಜ್ಜಿ ನುಣುಪು ಮಾಡಿದವು. ಕೂಲಿ ತೆಗೆದುಕೊಳ್ಳಲಿಲ್ಲ.

ಆದರೆ ನಿಯಮ ಬದಲಿಸುವ ಅಧಿಕಾರ ಸಿಸ್ಟರಿಗಿಲ್ಲ. ಆಫೀಸರು ಒಪ್ಪಬೇಕು. ಅವರು ಬಂದ ದಿನ ಹಜಾರ ತುಂಬಿತ್ತು. ಕೇಂದ್ರ ಮುಚ್ಚುತ್ತಾರಂತೆ ಎಂಬ ಸುದ್ದಿಗೆ ಯಾವತ್ತೂ ಬಾರದವರೂ ಬಂದು ನಿಂತಿದ್ದರು. ಅತ್ತೆಯನ್ನು ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಮೇಜಿನ ಪಕ್ಕದ ಬೆಂಚಿನಲ್ಲಿ ಕೂರಿಸಿ ಅಲ್ಲೇ ನಿಂತಿದ್ದೆ.

ಆಫೀಸರು ಕೆಟ್ಟವರಲ್ಲ. ದಪ್ಪ ಮೀಸೆ, ಇಸ್ತ್ರಿ ಮುರಿಯದ ಅಂಗಿ, ಅಚ್ಚುಕಟ್ಟಿನ ಮನುಷ್ಯ. ಸಿಸ್ಟರ ಮಾತು ಪೂರ್ತಿ ಕೇಳಿದರು. ಹುಡುಗಿ ಮನೆಮನೆಗೆ ಹೋಗಿ ಬರೆದ ಹೊಸ ವರದಿ ಕೊಟ್ಟಳು, ಅದನ್ನೂ ತಿರುವಿದರು.

"ನೋಡಿ ಸಿಸ್ಟರ್, ತೊಂದರೆಯನ್ನು ಮೇಜಿನಲ್ಲೇ ಕೇಳಬೇಕು ಅನ್ನೋದು ಸುಮ್ಮನೆ ಮಾಡಿದ ನಿಯಮ ಅಲ್ಲ. ಜೀವದ ಪ್ರಶ್ನೆ. ಕಾಯಿಲೆ ಹೇಳಿಕೊಳ್ಳೋಕೆ ನಾಚಿಕೆ ಯಾಕೆ? ಜನಕ್ಕೆ ತಿಳುವಳಿಕೆ ಕೊಡಬೇಕು. ಇನ್ನೊಂದು ತರಬೇತಿ ಇಡೋಣ, ಈ ಸಲ ಜನಕ್ಕೆ."

"ಆಗಲಿ ಸರ್" ಎಂದರು ಸಿಸ್ಟರು. "ತಿಳುವಳಿಕೆ ಇರೋರಿಂದಲೇ ಶುರುಮಾಡೋಣ. ಐವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು ಅಂತ ನಿಮ್ಮದೇ ಸುತ್ತೋಲೆ ಇದೆ. ಡಾಕ್ಟರಮ್ಮ ಒಳಗಿದ್ದಾರೆ. ನಿಯಮದ ಪ್ರಕಾರ ಒಂದು ಚೀಟಿ ಮಾಡಿಸಿಬಿಡಿ ಸರ್. ನೀವು ಮಾಡಿದ್ದನ್ನ ಜನಾನೂ ನೋಡಿ ಕಲೀತಾರೆ."

ಇಲ್ಲ ಎನ್ನುವುದು ಹೇಗೆ? ಅಷ್ಟು ಜನ ನೋಡುತ್ತಿದ್ದಾರೆ. ಆಫೀಸರು ಮೀಸೆ ತೀಡಿಕೊಂಡು ಮೇಜಿನ ಮುಂದೆ ಹೋಗಿ ನಿಂತರು. ನನ್ನ ಗಂಡ ಹೆಸರು ಬರೆದುಕೊಂಡರು, ವಯಸ್ಸು ಬರೆದುಕೊಂಡರು. ಸಿಸ್ಟರ ಮುಖ ನೋಡಿದರು. ಸಿಸ್ಟರು ತಲೆಯಾಡಿಸಿದರು.

"ಏನು ತೊಂದ್ರೆ ಸರ್?"

ಹಜಾರದಲ್ಲಿ ಒಂದು ಕೆಮ್ಮೂ ಇಲ್ಲ. ಬೇಕರಿಯವನು ಕೂಡ ಬಾಗಿಲಿಗೆ ಬಂದು ನಿಂತಿದ್ದ. ಆಫೀಸರು ಹಿಂದೆ ತಿರುಗಿ ನೋಡಿದರು. ಇಷ್ಟೊಂದು ಕಿವಿ. ಮೇಜಿನ ಮೇಲೆ ಸ್ವಲ್ಪ ಬಾಗಿದರು, ಮತ್ತೆ ನೆಟ್ಟಗಾದರು. ಏನೋ ಹೇಳಲು ಬಾಯಿ ತೆರೆದರು. ಕಿವಿಯ ತುದಿ ಕೆಂಪಾಯಿತು.

"ಅಂಥದ್ದೇನಿಲ್ಲ" ಎಂದರು. "ಸ್ವಲ್ಪ ಮೊಣಕಾಲು ನೋವು."

ಮೊದಲು ನಕ್ಕವರು ನಮ್ಮತ್ತೆ. ಆಮೇಲೆ ಮೇಷ್ಟ್ರು, ಆಮೇಲೆ ಬಡಗಿ, ಆಮೇಲೆ ಇಡೀ ಹಜಾರ. ಬೆಂಚು ಹಿಡಿದು ನಕ್ಕರು, ಗೋಡೆಗೊರಗಿ ನಕ್ಕರು. ಎಷ್ಟೋ ವರ್ಷದಿಂದ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡದ್ದೆಲ್ಲ ಆ ನಗುವಿನಲ್ಲಿ ಹೊರಗೆ ಬಂತು. ಡಾಕ್ಟರಮ್ಮ ಬಾಗಿಲು ತೆರೆದು ಏನಾಯಿತೆಂದು ನೋಡಿದರು. ನಗದೆ ಇದ್ದವರು ಇಬ್ಬರೇ, ಆಫೀಸರು ಮತ್ತು ನನ್ನ ಗಂಡ.

ಹುಡುಗಿ ಹೋಗಿ ತನ್ನ ಹಳೆಯ ವರದಿಯ ಪುಟ ತೆರೆದು ಆಫೀಸರ ಮುಂದೆ ಹಿಡಿದಳು. "ಸರ್, ಈ ಊರಲ್ಲಿ ಮುಕ್ಕಾಲು ಪಾಲು ಜನಕ್ಕೆ ನಿಮ್ಮದೇ ಕಾಯಿಲೆ. ಮೇಜಿನ ಮುಂದೆ ನಿಂತಾಗ ನನಗೂ ಅದೇ ಬಂದಿತ್ತು."

ಆಫೀಸರು ಪುಟ ನೋಡಿದರು. ಜನರನ್ನು ನೋಡಿದರು. ಬಹಳ ಹೊತ್ತು ಬೇಕಾಗಲಿಲ್ಲ, ಬುದ್ಧಿವಂತರು. ಮೀಸೆಯ ಅಂಚಿನಲ್ಲಿ ಮೊದಲು ಒಂದು ಕಡೆ ಅಲುಗಿತು, ಆಮೇಲೆ ಇನ್ನೊಂದು ಕಡೆ.

"ಈಗ ಇದನ್ನ ಓದಿ ಹೇಳಬೇಕಲ್ವೇನ್ರೀ, ನಿಯಮದ ಪ್ರಕಾರ?" ಎಂದು ನನ್ನ ಗಂಡನನ್ನು ಕೇಳಿದರು.

ನನ್ನ ಗಂಡ ಪೆನ್ನು ಕೆಳಗಿಟ್ಟರು. ಒಂದು ಬಿಲ್ಲೆ ತೆಗೆದು ಅವರ ಕೈಯಲ್ಲಿಟ್ಟರು. ಅವರ ಪಕ್ಕದಲ್ಲಿದ್ದ ನನಗೇ ಕಷ್ಟಪಟ್ಟು ಕೇಳಿಸಿತು, ಅಷ್ಟು ಮೆತ್ತಗೆ ಹೇಳಿದರು: "ಅದು ನನಗೆ ಬೇಡ ಸರ್. ಒಳಗೆ ಹೋಗಿ, ಬಾಗಿಲು ಹಾಕ್ಕೊಂಡು ಡಾಕ್ಟರಮ್ಮನ ಹತ್ರ ಹೇಳಿ."

ಆಫೀಸರು ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು. ಒಳಗೆ ಏನು ಹೇಳಿದರೋ ಇವತ್ತಿಗೂ ಊರಿಗೆ ಗೊತ್ತಿಲ್ಲ. ಅರ್ಧ ಗಂಟೆ ಕಳೆದು ಪೊಟ್ಟಣ ಹಿಡಿದು ಹೊರಬಂದವರು ನೇರ ಸಿಸ್ಟರ ಮೇಜಿಗೆ ಹೋಗಿ ಹೊಸ ಕ್ರಮಕ್ಕೆ ಒಪ್ಪಿಗೆಯೆಂದು ತಮ್ಮ ಕೈಯಾರೆ ಎರಡು ಸಾಲು ಬರೆದು ಸಹಿ ಹಾಕಿದರು. ಆರು ತಿಂಗಳು ನೋಡೋಣ, ಅಲ್ಲಿಯತನಕ ಮುಚ್ಚುವ ಮಾತಿಲ್ಲ.

ಅವತ್ತು ಸಾಲಿನಲ್ಲಿ ಮೊದಲ ಬಿಲ್ಲೆ ಅತ್ತೆಗೆ. ಮಗ ಕೊಟ್ಟ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವರು ರಾಣಿಯ ಹಾಗೆ ಒಳಗೆ ನಡೆದರು. ನಂಬರು ಕರೆಯುವ ಕೆಲಸ ಮಾತ್ರ ನನ್ನ ಗಂಡನದ್ದೇ ಉಳಿಯಿತು. "ಎರಡು" ಎಂದು ಅವರು ಕೂಗಿದಾಗ ಹಿತ್ತಲಲ್ಲಿ ಬಿಸಿಲಿಗೆ ಕೂತಿದ್ದವರೂ ಎದ್ದು ಬಂದರು. ಆ ಗಂಟಲಿಗೆ ತಕ್ಕ ಕೆಲಸ ಅದೊಂದೇ.

ಆರು ತಿಂಗಳಲ್ಲಿ ಬೆಂಚು ಸಾಲದೆ ಬಡಗಿ ಇನ್ನೂ ಮೂರು ಮಾಡಿದ. ಮೊಣಕಾಲು ನೋವು ನಿಜವಾಗಿ ಇದ್ದವರು ಬೆರಳೆಣಿಕೆಯಷ್ಟು ಜನ ಎಂದು ಗೊತ್ತಾಯಿತು. ಉಳಿದವರು ತಮ್ಮ ತಮ್ಮ ನಿಜ ಹೇಳಿದರು, ಹೇಳಿದ್ದಕ್ಕೆ ಔಷಧಿ ಸಿಕ್ಕಿತು. ಬೇಕರಿಯವನ ಹೆಂಡತಿ ಎದೆಯಲ್ಲಿ ಗಂಟು ಇದೆಯೆಂದು ಒಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಹೇಳಿದಳು. ಡಾಕ್ಟರಮ್ಮ ಅವತ್ತೇ ಗಾಡಿ ಮಾಡಿಸಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಗಂಟು ತೆಗೆದರು. ಈಗ ಮತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗಿರಾಕಿಗಳ ಜೊತೆ ಚಿಲ್ಲರೆಗೆ ಜಗಳವಾಡುತ್ತಾಳೆ.

ಹುಡುಗಿಗೆ ಮೊದಲಿನ ವರದಿಯ ಕೆಲಸವೆಲ್ಲ ನೀರಿಗೆ ಹೋಯಿತು. ಪದವಿ ಒಂದು ವರ್ಷ ತಡವಾಯಿತು. ನನ್ನ ಗಂಡನಿಗೆ ಊರಿನ ಯಾರ ಕಷ್ಟವೂ ಈಗ ಗೊತ್ತಾಗುವುದಿಲ್ಲ. ಅದು ಅವರಿಗೆ ಸಣ್ಣ ನಷ್ಟವಲ್ಲ, ಸಂಜೆ ಹೊತ್ತು ಒಮ್ಮೊಮ್ಮೆ ಸುಮ್ಮನೆ ಕೂತಿರುತ್ತಾರೆ. ಅತ್ತೆ ವಾಸಿಯಾದರು. ನಾನು ವಾಸಿಯಾದೆ. ದೊಡ್ಡ ಸಿಸ್ಟರಿಗೆ ಜೊತೆಗೆ ಇನ್ನೊಬ್ಬ ಸಿಸ್ಟರನ್ನು ಕೊಟ್ಟರು. ಕೇಂದ್ರ ಮುಚ್ಚಲಿಲ್ಲ.